ಇಬ್ಬನಿ ಬೀಳದ ಚಳಿಗಾಲ

ಹವಾಮಾನದ ಮಾತು ಎತ್ತುವವರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು "ಭಾಳ ಸೆಕಿ ಐತಲ್ರಿ" ಅಂದರೆ, ನಾನೇನು ಕಂಬಳಿ ಹೊದ್ದು ಕೂತಿದ್ದೀನಾ ಅಂತ ಕೇಳಬೇಕೆನಿಸುತ್ತದೆ. ಹೇಳಲು ಬೇರೇನೂ ಇಲ್ಲದವರು ಆಡುವ ಮಾತು ಅದು ಅಂತ ತಿಳಿದಿದ್ದೆ. ಅಂಥವಳು ಹೋದ ಚಳಿಗಾಲದಲ್ಲಿ ಒಂದೂವರೆ ತಿಂಗಳು ದಿನಾ ಬೆಳಿಗ್ಗೆ ಎದ್ದವಳೇ ಹಿತ್ತಲಿಗೆ ಹೋಗಿ, ತುಳಸಿ ಎಲೆ ಮುಟ್ಟಿ, ಅದು ಒದ್ದೆಯಾಗಿದೆಯೋ ಇಲ್ಲವೋ ಅಂತ ಎರಡು ದೇಶಗಳಿಗೆ ವರದಿ ಕಳಿಸುತ್ತಿದ್ದೆ.

ಆ ಎರಡು ದೇಶಗಳಲ್ಲಿರುವವರು ನನ್ನ ಇಬ್ಬರು ಗೆಳತಿಯರು. ನಾನು ಬೆಟಗೇರಿಯ ನೇಕಾರರ ಮನೆಯವಳು. ಹೈಸ್ಕೂಲು ಮಾತ್ರ ಲಕ್ಷ್ಮೇಶ್ವರದಲ್ಲಿ, ಸೋದರಮಾವನ ಮನೆಯಲ್ಲಿದ್ದು ಓದಿದೆ. ಅಲ್ಲಿ ಮೂರು ವರ್ಷ ಒಂದೇ ಬೆಂಚಿನ ಮೇಲೆ ಕೂತವರು ನಾವು ಮೂವರು. ಒಬ್ಬಳು ಶಿಗ್ಲಿಯ ರೈತರ ಮನೆಯ ಹುಡುಗಿ, ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದಳು. ನರ್ಸಿಂಗ್ ಓದಿ ಈಗ ಐರ್ಲೆಂಡಿನ ಒಂದು ಸಣ್ಣ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಇನ್ನೊಬ್ಬಳು ಮುಂಡರಗಿಯವಳು. ಅವಳಪ್ಪ ಕಂಡಕ್ಟರಾಗಿ ಆಗ ಲಕ್ಷ್ಮೇಶ್ವರದ ಡಿಪೋದಲ್ಲಿದ್ದರು. ಅವಳ ಗಂಡ ಮಸ್ಕತ್ತಿನಲ್ಲಿ ಎ.ಸಿ. ರಿಪೇರಿ ಅಂಗಡಿ ಇಟ್ಟಿದ್ದಾನೆ. ಎಲ್ಲಿದ್ದರೂ ನನಗೆ ಅವರು ಶಿಗ್ಲಿಯವಳು ಮತ್ತು ಮುಂಡರಗಿಯವಳೇ. ನಾನು ತಿರುಗಿ ಬೆಟಗೇರಿಗೇ ಬಂದೆ. ಅಪ್ಪನ ಮಗ್ಗಗಳಲ್ಲಿ ಒಂದು ಇನ್ನೂ ನಡೆಯುತ್ತದೆ, ಅಣ್ಣ ನೇಯುತ್ತಾನೆ. ಅದೇ ಮನೆಯ ಮುಂದಿನ ಖೋಲಿಯಲ್ಲಿ ನಾನು ಸೀರೆಗಳಿಗೆ ಫಾಲ್ ಹಚ್ಚಿ ಪಿಕೋ ಮಾಡಿಕೊಡುತ್ತೇನೆ.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮೂವರೇ. ಟೈಪ್ ಮಾಡುವ ತಾಳ್ಮೆ ಯಾರಿಗೂ ಇಲ್ಲ, ಮಾತಾಡಿ ಕಳಿಸುತ್ತೇವೆ. ನಾನು ಬೆಳಿಗ್ಗೆ ಆರಕ್ಕೆ ಕಳಿಸಿದ್ದಕ್ಕೆ ಮುಂಡರಗಿಯವಳು ಎಂಟರ ಹೊತ್ತಿಗೆ ಉತ್ತರಿಸುತ್ತಾಳೆ. ಶಿಗ್ಲಿಯವಳ ಉತ್ತರ ಬರುವಷ್ಟರಲ್ಲಿ ನನ್ನ ಮಧ್ಯಾಹ್ನದ ರೊಟ್ಟಿ ಆಗಿರುತ್ತದೆ. ಹವಾಮಾನದ ಸುದ್ದಿ ಶುರುವಾಗಿದ್ದು ಮಸ್ಕತ್ತಿನಿಂದ. ಅಲ್ಲಿ ಡಿಸೆಂಬರಿನಲ್ಲಿ ಮಳೆ ಹೊಡೆದು ರಸ್ತೆ ಬಂದಾಗಿ, ಮಕ್ಕಳ ಶಾಲೆಗೆ ರಜೆ ಕೊಟ್ಟರಂತೆ.

"ಮಳಲಾಗ ನೀರು ನಿಂತೈತಲೇ. ನನ್ನ ಗಂಡ ಕೊಡಿ ಹಿಡಕೊಂಡು ಎ.ಸಿ. ರಿಪೇರಿಗಿ ಹೋಗ್ಯಾನ. ಈ ಥಂಡ್ಯಾಗ ಎ.ಸಿ. ಯಾರಿಗಿ ಬೇಕಾಗೈತೋ ಏನೋ," ಅಂದಳು.

ಶಿಗ್ಲಿಯವಳು ಅದಕ್ಕೆ, ತನ್ನ ಊರಿಗೆ ಈ ಸಲ ಚಳಿಯೇ ಬಂದಿಲ್ಲ, ಮನೆ ಮುಂದಿನ ಗುಲಾಬಿ ಇನ್ನೂ ಹೂ ಬಿಡುತ್ತಿದೆ, ಆದರೆ ಗಾಳಿ ಮಾತ್ರ ಬಾಗಿಲು ತೆಗೆಯಲು ಬಿಡುವುದಿಲ್ಲ ಅಂತ ಹೇಳಿದಳು. ನಮ್ಮಲ್ಲಿ ಮೋಡ ಕವಿದಿತ್ತು. ಸ್ವೆಟರ್ ಪೆಟ್ಟಿಗೆಯಿಂದ ಹೊರಗೇ ಬಂದಿರಲಿಲ್ಲ. ಬೆಳಗಿನ ಜಾವ ಫ್ಯಾನ್ ಹಾಕಿಕೊಂಡು ಮಲಗುವ ಚಳಿಗಾಲ ಅದು.

"ಮೂರೂ ಊರಿನ ಹವಾ ಯಾರೋ ಅದಲಿ ಬದಲಿ ಮಾಡ್ಯಾರ ನೋಡ," ಅಂದಳು ಮುಂಡರಗಿಯವಳು. ನಕ್ಕೆವು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಯಾಕೆಂದರೆ ಮರುದಿನ ಶಿಗ್ಲಿಯವಳು ಒಂದು ಪ್ರಶ್ನೆ ಕೇಳಿದಳು. "ನಮ್ಮ ಕಡೆ ಇಬ್ಬನಿ ಬೀಳಾಕತ್ತೈತೇನ? ಕಡ್ಲಿ ಹುಳಿ ಹಿಡ್ಯಾಕ ಆಗತೈತೇನ?"

ಅವಳು ಯಾಕೆ ಕೇಳಿದಳು ಅಂತ ನಮಗಿಬ್ಬರಿಗೂ ಗೊತ್ತಿತ್ತು. ಮಳೆಗಾಲದಲ್ಲಿ ಅವಳಿಗೊಂದು ಜ್ವರ ಬಂದು ಹೋಗಿತ್ತು. ಹೋಗುವಾಗ ನಾಲಿಗೆಯ ರುಚಿ, ಮೂಗಿನ ವಾಸನೆ ಎರಡನ್ನೂ ತೆಗೆದುಕೊಂಡು ಹೋಯಿತು. ಬರಬಹುದು, ಬಾರದೆಯೂ ಇರಬಹುದು ಅಂದಿದ್ದರು ಅಲ್ಲಿಯ ಡಾಕ್ಟರು. ತಿಂಗಳುಗಳು ಕಳೆದರೂ ಬಂದಿರಲಿಲ್ಲ. ನಿಂಬೆಹಣ್ಣು ಕಚ್ಚಿದರೆ ನಾಲಿಗೆ ಚುರ್ ಅನ್ನುತ್ತದೆ, ಆದರೆ ಅದು ನಿಂಬೆಯೋ ಹುಣಸೆಯೋ ತಿಳಿಯುವುದಿಲ್ಲ. ಸಾರು ಕುಡಿದರೆ ಬಿಸಿನೀರು. ಗಡಿಯಾರ ನೋಡಿ ಊಟಕ್ಕೆ ಕೂರುತ್ತಿದ್ದಳು. ವಿಡಿಯೋದಲ್ಲಿ ಕಂಡಾಗ ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಒಮ್ಮೆ ಅಂದಿದ್ದಳು: "ತಿನ್ನೋದು ಹಾಳಾಗಲಿ ಬಿಡ್ರಲೇ. ಅವ್ವನ ಕೈಯಾಗಿನ ಅಡಿಗಿ ಹ್ಯಾಂಗಿತ್ತು ಅಂತ ನೆನಸಾಕ ಹೋದ್ರೂ ಬರವಲ್ದು. ಬರೇ ಹೆಸರು ಉಳದಾವು." ಅವಳವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಅದನ್ನು ಕೇಳಿ ನಾನು ಫೋನು ಮಗುಚಿ ಇಟ್ಟಿದ್ದೆ.

ಕಡಲೆ ಹುಳಿ ಅಂದರೆ ನಮ್ಮ ಕಡೆಯ ಎರೆ ಹೊಲದವರಿಗೆ ಹೇಳಬೇಕಾಗಿಲ್ಲ. ಕಡಲೆ ಗಿಡ ಕಾಯಿ ಕಟ್ಟುವ ಹೊತ್ತಿಗೆ ಅದರ ಎಲೆಯ ಮೇಲೆಲ್ಲ ಒಂದು ಹುಳಿ ಕೂಡುತ್ತದೆ. ಸಂಜೆ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ ಬಂದರೆ ರಾತ್ರಿಯ ಇಬ್ಬನಿ ಆ ಹುಳಿಯನ್ನು ಕರಗಿಸಿ ಬಟ್ಟೆಗೆ ಇಳಿಸುತ್ತದೆ. ಬೆಳಿಗ್ಗೆ ಹೋಗಿ ಹಿಂಡಿಕೊಂಡು ಬಾಟಲಿಗೆ ತುಂಬಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಹೊಟ್ಟೆನೋವಿಗೆ, ಅಜೀರ್ಣಕ್ಕೆ, ಬಾಯಿ ಕೆಟ್ಟಾಗ ಒಂದು ಚಮಚ. ಅವಳವ್ವ ಪ್ರತಿ ಚಳಿಗಾಲ ಹಿಡಿದಿಡುತ್ತಿದ್ದರು. ಪರೀಕ್ಷೆಯ ಹೊತ್ತಿನಲ್ಲಿ ನಮಗೆ ಮೂವರಿಗೂ ಅದರ ಪಾನಕ ಕುಡಿಸಿದ್ದಾರೆ. ಅಂಥ ಹುಳಿಯನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ಹಲ್ಲಿನ ಬುಡದಿಂದ ಕಿವಿಯವರೆಗೂ ಹೋಗುತ್ತದೆ.

"ಅದೊಂದ ಹನಿ ನಾಲಿಗಿ ಮ್ಯಾಲ ಬಿದ್ರ ಏನರ ಗೊತ್ತಾದೀತು ಅನಸ್ತೈತಿ," ಅಂದಳು. "ಅದೂ ಗೊತ್ತಾಗಲಿಲ್ಲಂದ್ರ ಈ ನಾಲಿಗಿ ಆಸೆ ಬಿಟ್ಟಬಿಡ್ತೇನಿ."

ಶಿರಹಟ್ಟಿಯ ಹುಡುಗಿಯೊಬ್ಬಳು ಹೊಸದಾಗಿ ನರ್ಸ್ ಕೆಲಸ ಸಿಕ್ಕು ತಾನಿರುವ ಊರಿಗೇ ಹೊರಟಿದ್ದಾಳೆ, ಸಂಕ್ರಮಣ ಆಗಿ ಮೂರನೇ ದಿನ ಅವಳ ವಿಮಾನ, ಅವಳ ಕೈಯಲ್ಲಿ ಕಳಿಸಬಹುದು ಅಂತಲೂ ಹೇಳಿದಳು. ಅವಳ ತವರಿನಲ್ಲಿ ಈಗ ಅಣ್ಣ, ಅವನ ಹೆಂಡತಿ ವೈನಿ ಇದ್ದಾರೆ. ವೈನಿಗೆ ಮೊಣಕಾಲಿನ ಆಪರೇಷನ್ ಆಗಿ ಹೊಲಕ್ಕೆ ಹೋಗುವ ಹಾಗಿಲ್ಲ. ಅಣ್ಣನಿಗೆ ಈ ಕೆಲಸ ಬಾರದು, ಅದು ಮೊದಲಿನಿಂದಲೂ ಹೆಂಗಸರ ಕೆಲಸ. ನಾನು ಹೋಗಿ ಹಿಡಿದು ತರುತ್ತೇನೆ ಅಂದುಬಿಟ್ಟೆ. ಜೀವನದಲ್ಲಿ ಒಮ್ಮೆಯೂ ಹಿಡಿದವಳಲ್ಲ. ಆದರೆ ಬಟ್ಟೆ ಹಾಸಿ ಹಿಂಡುವುದರಲ್ಲಿ ಕಲಿಯುವುದೇನಿದೆ, ಅದೂ ಬಟ್ಟೆಯ ನಡುವೆಯೇ ಬೆಳೆದ ನನಗೆ?

ಅಂದಿನಿಂದ ಮೂರೂ ಮನೆಗಳಲ್ಲಿ ಇಬ್ಬನಿಯದೇ ಮಾತು. ಇಬ್ಬನಿ ಬೀಳಬೇಕಾದರೆ ಆಕಾಶ ತಿಳಿಯಾಗಿರಬೇಕು, ಗಾಳಿ ಇರಬಾರದು, ಚಳಿ ಬೇಕು. ನಮಗೆ ಮೂರೂ ಇರಲಿಲ್ಲ. ಶಿಗ್ಲಿಯವಳು ಅಲ್ಲಿ ಕೂತು ಫೋನಿನಲ್ಲಿ ಲಕ್ಷ್ಮೇಶ್ವರದ ಆಕಾಶ ನೋಡತೊಡಗಿದಳು. "ನಾಳೆ ಅರ್ಧ ಮೋಡ," "ನಾಡಿದ್ದ ಪೂರಾ ಮೋಡ" ಅಂತ ನನಗೇ ಹೇಳುತ್ತಿದ್ದಳು. ನಮ್ಮ ಮಾಳಿಗೆಯ ಮೇಲಿನ ಮೋಡ ಐರ್ಲೆಂಡಿನವಳು ಹೇಳಿ ನಾನು ತಿಳಿಯಬೇಕೇ ಅಂತ ಸಿಟ್ಟು ಬರುತ್ತಿತ್ತು. ಅವಳು ಹೇಳಿದ್ದು ಮೂರರಲ್ಲಿ ಎರಡು ಸಲ ಸರಿಯಾಗಿಯೂ ಇರುತ್ತಿತ್ತು, ಅದಕ್ಕೆ ಇನ್ನಷ್ಟು ಸಿಟ್ಟು.

ವರ್ಷದ ಕೊನೆಯ ವಾರ ಒಂದು ಮಧ್ಯಾಹ್ನ ಅವಳ ಮಾತು ಬಂತು: "ಇವತ್ತ ರಾತ್ರಿ ಮೋಡ ಇಲ್ಲ, ಗಾಳಿನೂ ಇಲ್ಲ. ಜಲ್ದಿ ಹೋಗು."

ಹೊರಗೆ ಬಂದು ನೋಡಿದೆ. ಹೌದು, ಬಾನು ತೊಳೆದಿಟ್ಟ ಹಾಗಿತ್ತು. ವೈನಿಗೆ ಫೋನ್ ಮಾಡಿದರೆ, "ಬಾ ಯವ್ವಾ. ಬರೂಮುಂದ ಬಿಳೇ ಅರಿಬಿ ತಗೊಂಡ ಬಾ, ನಮ್ಮನ್ಯಾಗ ಎಲ್ಲಾ ಬಣ್ಣದ್ವೇ ಅದಾವು," ಅಂದರು. ನೇಕಾರರ ಮನೆಯವಳಿಗೆ ಬಿಳಿ ಬಟ್ಟೆಗೇನು ಬರ? ಮಗ್ಗದಿಂದ ಆಗಷ್ಟೇ ಇಳಿಸಿದ್ದ ಹೊಸ ಬಿಳಿ ಬಟ್ಟೆ ಎಂಟು ಗಜ ಅಣ್ಣನಿಂದ ಕೇಳಿ ಕತ್ತರಿಸಿಕೊಂಡೆ. ಗೆಳತಿಯ ಬಾಯಿಗೆ ಹೋಗುವುದು, ಹಳೆಯದು ಯಾಕೆ ಅಂತ. ಸಂಜೆಯ ಹೊತ್ತಿಗೆ ಶಿಗ್ಲಿ ಮುಟ್ಟಿದೆ. ಅವಳಣ್ಣ ಬೈಕಿನಲ್ಲಿ ಹೊಲಕ್ಕೆ ಬಿಟ್ಟು ಬದುವಿನ ಮೇಲೆ ಕೂತ. ಬೆಳೆಯೊಳಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಬರಿಗಾಲಲ್ಲಿ ಕಡಲೆ ಸಾಲಿನಲ್ಲಿ ನಡೆದರೆ ಹಿಮ್ಮಡಿಯ ಬಿರುಕಿಗೆಲ್ಲ ಹುಳಿ ತಾಗಿ ಉರಿಯತೊಡಗಿತು. ಉರಿದಷ್ಟೂ ಖುಷಿಯಾಯಿತು, ಹುಳಿ ಇದೆ ಅಂತಾಯಿತಲ್ಲ. ಬಟ್ಟೆ ಹಾಸಿ ಅಂಚಿಗೆ ಮಣ್ಣಿನ ಹೆಂಟೆ ಇಟ್ಟು ಬಂದೆ.

ಬೆಳಿಗ್ಗೆ ಹೋದಾಗ ಹೊಲವೆಲ್ಲ ಬೆಳ್ಳಗೆ ಇಬ್ಬನಿ. ಬಟ್ಟೆ ನೀರಲ್ಲಿ ಅದ್ದಿ ತೆಗೆದ ಹಾಗೆ ಭಾರವಾಗಿತ್ತು. ಬೋಗೋಣಿಯ ತುಂಬ ಹಿಂಡಿಕೊಂಡು ಮಹಾರಾಣಿಯ ಹಾಗೆ ಬೈಕಿನ ಹಿಂದೆ ಕೂತು ಬಂದೆ. ವೈನಿ ಬೋಗೋಣಿಯಲ್ಲಿ ಬಗ್ಗಿ ನೋಡಿ, ಬೆರಳು ಅದ್ದಿ, ಎರಡು ಬೆರಳ ನಡುವೆ ತಿಕ್ಕಿದರು. ಅಂಟಂಟಾಗಿ ಎಳೆ ಬಂತು.

"ಇದು ಹುಳಿ ಅಲ್ಲ ತಂಗಿ, ಅಂಬಲಿ," ಅಂದರು. "ಮಗ್ಗದಾಗಿಂದ ಇಳಿಸಿದ್ದ ಹಾಂಗs ತಂದೀ ಏನ? ಗಂಜಿ ತೊಳದಿಲ್ಲಾ?"

ಮಗ್ಗಕ್ಕೆ ಏರಿಸುವ ಮೊದಲು ನೂಲಿಗೆ ಗಂಜಿ ಕೊಡುತ್ತಾರೆ, ಎಳೆ ಹರಿಯದಿರಲಿ ಅಂತ. ಆ ಗಂಜಿಯ ವಾಸನೆಯಲ್ಲೇ ನಾನು ಹುಟ್ಟಿದ್ದು. ಸಣ್ಣವಳಿದ್ದಾಗ ಅದನ್ನು ಕುದಿಸಿಕೊಟ್ಟಿದ್ದೇನೆ. ಹೊಸ ಬಟ್ಟೆಯನ್ನು ಎರಡು ನೀರಿನಲ್ಲಿ ತೊಳೆಯದೆ ಮೈಗೆ ಹಾಕಬೇಡಿ ಅಂತ ಗಿರಾಕಿಗಳಿಗೆ ದಿನಾ ಹೇಳುವವಳೂ ನಾನೇ. ಇಡೀ ಚಳಿಗಾಲಕ್ಕೆ ಬಿದ್ದ ಒಂದೇ ಒಂದು ಒಳ್ಳೆಯ ಇಬ್ಬನಿಯನ್ನು ಹಿಂಡಿ ಗಂಜಿ ಮಾಡಿಕೊಂಡು ಬಂದಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ನೊರೆ ಬಂತು. ವೈನಿ ಅದನ್ನು ಹಿತ್ತಲಿಗೆ ಚೆಲ್ಲಿದರು.

ಗುಂಪಿನಲ್ಲಿ ನಡೆದದ್ದು ನಡೆದ ಹಾಗೆ ಹೇಳಿದೆ. ಮುಂಡರಗಿಯವಳು ಎರಡು ನಿಮಿಷ ಬರೀ ನಕ್ಕದ್ದನ್ನೇ ಕಳಿಸಿದಳು. ಶಿಗ್ಲಿಯವಳು, "ಇರಲಿ ಬಿಡ, ಆ ಗಂಜಿನs ಕಳಸು, ಸೀರಿಗಿ ಹಾಕ್ಕೋತೇನಿ," ಅಂದಳು. ಆಮೇಲೆ ಸಣ್ಣ ದನಿಯಲ್ಲಿ ಇನ್ನೊಂದು ಬಂತು: "ನೀ ಮತ್ತ ತ್ರಾಸ ತಗೋಬ್ಯಾಡ. ನನ್ನ ನಾಲಿಗಿ ಹಣೆಬರಾ ಹ್ಯಾಂಗೈತೋ ಹಾಂಗಾಗಲಿ." ನಕ್ಕಿದ್ದಕ್ಕಿಂತ ಅದು ಹೆಚ್ಚು ನೋಯಿಸಿತು. ಬೈದಿದ್ದರೆ ಸರಿಹೋಗುತ್ತಿತ್ತು.

ಮರುದಿನದಿಂದ ಮತ್ತೆ ಮೋಡ. ಸಮುದ್ರದಲ್ಲಿ ಏನೋ ಎದ್ದಿದೆಯಂತೆ ಅಂತ ಟಿ.ವಿ.ಯವರು ಹೇಳಿದರು, ಜನವರಿಯಲ್ಲಿ ಎರಡು ದಿನ ಮಳೆ ಸುರಿಯಿತು. ವೈನಿ ಫೋನಿನಲ್ಲಿ, "ಎಲಿ ಮ್ಯಾಲಿನ ಹುಳಿ ಎಲ್ಲಾ ತೊಳಕೊಂಡ ಹೋತು. ಮತ್ತ ಕೂಡಾಕ ನಾಕೈದ ದಿನಾ ಬಿಸಲ ಬೇಕು. ಅಷ್ಟರಾಗ ಗಿಡಾ ಒಣಗಾಕ ಹತ್ತತಾವು," ಅಂದರು. ನಾನು ಫಾಲ್ ಹಚ್ಚುತ್ತ ಬೀದಿಯ ನೀರು ನೋಡುತ್ತ ಕೂತೆ. ಎರಡು ಸೀರೆಗೆ ಫಾಲ್ ತಿರುವು ಮುರುವಾಗಿದ್ದಕ್ಕೆ ಬಿಚ್ಚಿ ಮತ್ತೆ ಹಚ್ಚಿದೆ. ಆ ದಿನಗಳಲ್ಲಿ ಮಸ್ಕತ್ತಿನಲ್ಲಿ ಬಿಸಿಲು ಬಂದಿತ್ತು. ನಿನ್ನ ಬಿಸಿಲನ್ನಾದರೂ ಇತ್ತ ಕಳಿಸು ಅಂತ ಮುಂಡರಗಿಯವಳಿಗೆ ಹೇಳಿದೆ. "ಕಳಸ್ತಿದ್ನೆವಾ, ಕಸ್ಟಮ್ಸಿನವ್ರು ಬಿಡಂಗಿಲ್ಲ," ಅಂದಳು.

ಸಂಕ್ರಮಣದ ಹೊತ್ತಿಗೆ ಆಕಾಶ ತೆರವಾಯಿತು. ಹಬ್ಬದ ದಿನ ಊಟ ಮುಗಿಸಿಕೊಂಡು ಶಿಗ್ಲಿಗೆ ಹೊರಟೆ. ಈ ಸಲ ಚೀಲದಲ್ಲಿದ್ದದ್ದು ಅಪ್ಪನ ಹಳೆಯ ಧೋತರ, ಒಗೆದು ಒಗೆದು ಹತ್ತಿಯ ಹಾಗೆ ಮೆತ್ತಗಾದದ್ದು. ಅಪ್ಪ ಹೋದ ಮೇಲೆ ಅದನ್ನು ಹೊರಗೆ ತೆಗೆದದ್ದು ಅದೇ ಮೊದಲು. ಹೊಲದಲ್ಲಿ ಗಿಡಗಳು ಆಗಲೇ ಹಳದಿಗೆ ತಿರುಗಿದ್ದವು. ಹಿಮ್ಮಡಿ ಅಷ್ಟು ಉರಿಯಲಿಲ್ಲ.

ಬೆಳಿಗ್ಗೆ ಬಟ್ಟೆ ಒದ್ದೆಯೇನೋ ಆಗಿತ್ತು, ಭಾರವಾಗಿರಲಿಲ್ಲ. ಮೂಲೆ ಮೂಲೆ ಹಿಡಿದು ಹಿಂಡಿದರೆ ಕೆಮ್ಮಿನ ಔಷಧದ ಬಾಟಲಿಯಲ್ಲಿ ಅರ್ಧ ಕೂಡ ಆಗಲಿಲ್ಲ. ವೈನಿ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು ಬಾಯಿ ಚಪ್ಪರಿಸಿದರು.

"ಐತಿ. ಆದ್ರ ಸಪ್ಪಗೈತಿ. ನಮ್ಮತ್ತಿ ಹಿಡಿತಿದ್ದ ಹುಳಿ ಆಗಿದ್ರ ಇಷ್ಟೊತ್ತಿಗೆ ನನ್ನ ಕಣ್ಣಾಗ ನೀರ ಬರ್ತಿತ್ತು," ಅಂದರು. "ಇರೋದನ್ನs ಕಳಸು. ದೇವರಿದ್ದಾನ."

ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಶಿರಹಟ್ಟಿ ಬಸ್ಸಿಗೆ ಕಾಯುತ್ತ ಕೂತೆ. ಬಾಟಲಿ ಕೈಯಲ್ಲೇ ಇತ್ತು. ನಾನೂ ಒಂದು ಹನಿ ನೋಡಿದೆ, ಹಲ್ಲಿಗೆ ತಾಗಿತು, ಕಿವಿಗೆ ಹೋಗಲಿಲ್ಲ. ಒಳ್ಳೆಯ ನಾಲಿಗೆಗೇ ಇಷ್ಟಾದರೆ ಅವಳಿಗೇನು ಗೊತ್ತಾದೀತು? ಇದೂ ಗೊತ್ತಾಗದಿದ್ದರೆ ಆಸೆ ಬಿಡುತ್ತೇನೆ ಅಂದಿದ್ದಳು. ಆಡಿದ ಮಾತಿಗೆ ನಿಲ್ಲುವವಳು ಅವಳು, ಬಿಟ್ಟೇಬಿಡುತ್ತಾಳೆ. ತಪ್ಪು ಅವಳ ನಾಲಿಗೆಯದಾಗಿರುವುದಿಲ್ಲ, ನನ್ನ ಎಂಟು ಗಜ ಬಟ್ಟೆಯದಾಗಿರುತ್ತದೆ. ಎದುರಿಗೆ ಒಬ್ಬಾಕೆ ಬುಟ್ಟಿಯಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಕೂತಿದ್ದಳು. ಒಂದು ತೆಗೆದುಕೊಂಡೆ. ಕ್ಯಾಂಟೀನಿನವನ ಚಾಕು ಕೇಳಿ ಇಸಿದುಕೊಂಡು ಹೆಚ್ಚಿ, ಮೂಲೆಯ ಟೇಬಲಿನಲ್ಲಿ ಅರ್ಧ ಹಣ್ಣು ಬಾಟಲಿಗೆ ಹಿಂಡಿದೆ. ಬೀಜ ಬೀಳದ ಹಾಗೆ ಸೆರಗು ಅಡ್ಡ ಹಿಡಿದಿದ್ದೆ. ಚುರ್ ಅನ್ನುವುದಾದರೂ ಜೋರಾಗಿ ಅನ್ನಲಿ ಅಂತ. ನಾಚಿಕೆಯಾಗುತ್ತಿತ್ತು, ಆದರೂ ಹಿಂಡಿದೆ. ಯಾರಿಗೂ ಹೇಳಲಿಲ್ಲ.

ಶಿರಹಟ್ಟಿಯ ಮನೆಯಲ್ಲಿ ಆ ಹುಡುಗಿಯ ತಾಯಿ ಬಾಟಲಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಗಳ ಹೊಸ ಕಾಲುಚೀಲದೊಳಗೆ ತೂರಿಸಿ, ದೊಡ್ಡ ಬ್ಯಾಗಿನಲ್ಲಿ ಶೇಂಗಾ ಚಟ್ನಿಯ ಪುಡಿಗಳ ನಡುವೆ ಇಟ್ಟರು. "ಔಷಧ ಏನ್ರಿ?" ಅಂತ ಕೇಳಿದರು. ಹೌದು ಅಂದೆ. ಚಹಾ ಕುಡಿದು ಬಂದೆ.

ಒಂದು ವಾರದ ಮೇಲೆ ಸಂಜೆ ಐದಕ್ಕೆ ಮೂವರೂ ವಿಡಿಯೋದಲ್ಲಿ ಕೂತೆವು. ಅವಳ ಕಡೆ ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಬಾಟಲಿ, ಚಮಚ, ಒಂದು ಲೋಟ ನೀರು ಮುಂದೆ ಇಟ್ಟುಕೊಂಡು ಕೂತಿದ್ದಳು. ತಲೆ ಬಾಚಿ ಕುಂಕುಮ ಇಟ್ಟುಕೊಂಡಿದ್ದಳು, ಯಾರೋ ಹೆಣ್ಣು ನೋಡಲು ಬರುವವರಿದ್ದ ಹಾಗೆ. ನಾವಿಬ್ಬರೂ ಅದನ್ನು ಕಂಡರೂ ಚೇಷ್ಟೆ ಮಾಡಲಿಲ್ಲ. ಬಾಟಲಿ ತೆರೆದು ಚಮಚಕ್ಕೆ ಸುರಿದಳು. ನೀರು ಬೆರೆಸದೆ ಹಾಗೇ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ಆಮೇಲೆ ಅವಳ ಹುಬ್ಬು ಗಂಟಾಯಿತು.

"ಲೇ," ಅಂದಳು ನನ್ನನ್ನೇ ನೋಡಿ. "ಖರೆ ಹೇಳು. ಇದರಾಗ ನಿಂಬಿಹಣ್ಣ ಹಿಂಡೀಯೇನ?"

"ಇಲ್ಲಲಾ," ಅಂದೆ. ಬಾಯಿ ತಾನೇ ಅಂದಿತು.

"ಸುಳ್ಳ ಹೇಳಬ್ಯಾಡ. ನಮ್ಮವ್ವ ಸಾಯೂ ತನಕಾ ಇದಕ್ಕ ಒಂದ ಹನಿ ಬ್ಯಾರೆ ಏನೂ ಮುಟ್ಟಸಲಿಲ್ಲ. ನಾ ಕಡ್ಲಿ ಹುಳಿ ಕೇಳಿದ್ರ ನೀ ನನಗ ಶರಬತ್ತ ಮಾಡಿ ಕಳಸೀದಿ? ಅದೂ ಇಷ್ಟ ದೂರ?"

"ಅರ್ಧ ಹಣ್ಣು," ಅಂದೆ ತಲೆ ತಗ್ಗಿಸಿಕೊಂಡು. "ಹುಳಿ ಸಪ್ಪಗಿತ್ತು. ನಿನಗ ಗೊತ್ತಾಗಂಗಿಲ್ಲ ಅಂತ ಅಂಜಿಕಿ ಬಂತು."

ಅವಳು ನಿಲ್ಲಿಸಲಿಲ್ಲ. ಗಂಜಿಯ ಕಥೆಯನ್ನೂ ಎಳೆದು ತಂದಳು. ಒಂಬತ್ತನೇ ಇಯತ್ತೆಯಲ್ಲಿ ನಾನು ಅವಳ ನೋಟ್ಸಿನ ಮೇಲೆ ಶಾಯಿ ಚೆಲ್ಲಿ ತಪ್ಪನ್ನು ಬೆಕ್ಕಿನ ಮೇಲೆ ಹಾಕಿದ್ದನ್ನೂ ಬಿಡಲಿಲ್ಲ. ನಾನು ಕೂತು ಬೈಸಿಕೊಳ್ಳುತ್ತಿದ್ದೆ. ಬೈಸಿಕೊಳ್ಳುವುದೇ ನ್ಯಾಯ ಅಂತ ಅನ್ನಿಸುತ್ತಿತ್ತು. ಮುಂಡರಗಿಯವಳು ಕೈ ಎತ್ತಿದಳು.

"ಏ, ಒಂದ ನಿಮಿಷ ಬಾಯಿ ಮುಚ್ಚು. ಅದು ನಿಂಬಿಹಣ್ಣು ಅಂತ ನಿನಗ ಹ್ಯಾಂಗ ಗೊತ್ತಾತು?"

ಶಿಗ್ಲಿಯವಳ ಬಾಯಿ ತೆರೆದಿದ್ದದ್ದು ಹಾಗೇ ಉಳಿಯಿತು. ಚಮಚವನ್ನು ನೋಡಿದಳು. ನಮ್ಮಿಬ್ಬರನ್ನೂ ನೋಡಿದಳು. ಎದ್ದು ಹೋದಳು, ಫೋನಿನಲ್ಲಿ ಬರೀ ಕುರ್ಚಿಯ ಬೆನ್ನು ಕಾಣುತ್ತಿತ್ತು. ಫ್ರಿಜ್ಜಿನ ಬಾಗಿಲು ತೆರೆದ ಸದ್ದು, ಡಬ್ಬಿಯ ಮುಚ್ಚಳದ ಸದ್ದು, ಮತ್ತೊಂದು ಡಬ್ಬಿಯ ಸದ್ದು. ಹಾಗೆ ಎಷ್ಟು ಡಬ್ಬಿ ತೆರೆದಳೋ ನಾನು ಎಣಿಸಲಿಲ್ಲ. ತಿರುಗಿ ಬಂದು ಕೂತಾಗ ಬೆರಳ ತುದಿಯಲ್ಲಿ ಉಪ್ಪಿನಕಾಯಿಯ ಕೆಂಪಿತ್ತು, ಮುಖವೆಲ್ಲ ಒದ್ದೆಯಾಗಿತ್ತು. ತೋಳಿನಿಂದ ಒರೆಸಿಕೊಂಡಳು.

"ಇವತ್ತ ನಿಮ್ಮ ಕಡೆ ಹವಾ ಹ್ಯಾಂಗೈತಿ?" ಅಂದಳು ಕೊನೆಗೆ.

ಬಾಗಿಲಾಚೆ ಕತ್ತು ಚಾಚಿ ನೋಡಿ, "ಮೋಡ ಐತಿ," ಅಂದೆ.

"ಇಲ್ಲಿ ಬಿಸಲೈತಿ," ಅಂದಳು ಮುಂಡರಗಿಯವಳು.